ಕದಳಿಯ ಹಾದಿ: ನಿಸರ್ಗವೂ ಅಂತರಂಗದ ಶಾಂತಿಯೂ

ಶಾಂತಿಯನ್ನು ಬಯಸದ ಜೀವವು ಲೋಕದಲ್ಲಿಲ್ಲ. ದಿನವೆಲ್ಲ ದುಡಿದು ದಣಿದವನು ಸಂಜೆಯ ಹೊತ್ತು ಊರ ಹೊರಗಣ ಕೆರೆಯ ಏರಿಯ ಮೇಲೆ ಕುಳಿತು ತಂಗಾಳಿಗೆ ಮುಖವೊಡ್ಡಿದಾಗ ಅವನ ಎದೆಯ ಭಾರವು ತಾನಾಗಿಯೇ ಇಳಿಯುವುದು. ಇದಕ್ಕೆ ಶಾಸ್ತ್ರಪ್ರಮಾಣವು ಬೇಕಾಗಿಲ್ಲ. ಎಲ್ಲರ ಅನುಭವವೇ ಇದಕ್ಕೆ ಸಾಕ್ಷಿ. ಆದರೆ ಕೆರೆಯ ಏರಿಯಿಂದ ಮನೆಯ ಹೊಸ್ತಿಲಿಗೆ ಬರುವಷ್ಟರಲ್ಲಿ ಇಳಿದ ಭಾರವು ಮತ್ತೆ ಹೆಗಲೇರುವುದೂ ಅಷ್ಟೇ ನಿಜವಾದ ಅನುಭವ. ಹಾಗಾದರೆ ಆ ಶಾಂತಿಯು ಕೆರೆಯದೋ, ಕುಳಿತವನದೋ? ಕೆರೆಯದಾದರೆ ಅದನ್ನು ಮನೆಗೆ ತರುವ ಬಗೆ ಹೇಗೆ? ಅವನದೇ ಆದರೆ ಕೆರೆಯವರೆಗೆ ನಡೆದು ಹೋಗಬೇಕಾದ ಅಗತ್ಯವಾದರೂ ಏನು? ಈ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದ ಶಿವಶರಣರು ತಮ್ಮ ಬಾಳಿನಿಂದಲೇ ಬಿಡಿಸಿ ತೋರಿಸಿದ್ದಾರೆ. ಅವರಲ್ಲಿಯೂ ಅಕ್ಕಮಹಾದೇವಿಯ ಪಥವು ಈ ವಿಷಯದಲ್ಲಿ ಸಾಧಕರಿಗೆ ಕೈದೀವಿಗೆಯಾಗಿದೆ.

ಮೂರು ಎಡೆಗಳು

ಅಕ್ಕನ ಬಾಳಿನಲ್ಲಿ ಮೂರು ಎಡೆಗಳು ಮುಖ್ಯವಾದವು. ಮೊದಲನೆಯದು ಆಕೆ ಹುಟ್ಟಿದ ಉಡುತಡಿ. ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿರುವ, ಮಲೆನಾಡಿನ ಅಂಚಿನ ಊರು. ಎರಡನೆಯದು ಶರಣರ ಅನುಭವಗೋಷ್ಠಿಗೆ ನೆಲೆಯಾದ ಕಲ್ಯಾಣ. ಮೂರನೆಯದು ಶ್ರೀಶೈಲದ ಕದಳಿ. ಅರಸು ಕೌಶಿಕನ ಅರಮನೆಯನ್ನು ತೊರೆದು ಹೊರಟ ಆಕೆ ನೇರವಾಗಿ ಕಾಡನ್ನು ಹೊಗಲಿಲ್ಲ. ಮೊದಲು ಕಲ್ಯಾಣಕ್ಕೆ ಬಂದಳು. ಅಲ್ಲಮಪ್ರಭುಗಳ ಕಠಿನವಾದ ಪ್ರಶ್ನೆಗಳಿಗೆ ಶರಣರೆಲ್ಲರ ಮುಂದೆ ಉತ್ತರ ಕೊಟ್ಟಳು. ಅವರ ಹರಕೆಯನ್ನು ಪಡೆದಳು. ಆ ಬಳಿಕವೇ ಶ್ರೀಶೈಲದತ್ತ ಹೆಜ್ಜೆಯಿಟ್ಟಳು. ಈ ಕ್ರಮವನ್ನು ಸಾಧಕನು ಮರೆಯಬಾರದು. ಜನರನ್ನು ಸೈರಿಸಲಾರದೆ ಕಾಡಿಗೆ ಓಡುವುದು ಒಂದು. ಜನರ ನಡುವೆ ಪರೀಕ್ಷೆಗೆ ನಿಂತು, ಅದರಲ್ಲಿ ಗೆದ್ದು, ಕಾಡನ್ನು ಸೇರುವುದು ಇನ್ನೊಂದು. ಮೊದಲನೆಯದು ಪಲಾಯನ, ಎರಡನೆಯದು ಪ್ರಯಾಣ.

ಶ್ರೀಶೈಲವು ಇಂದಿನ ಆಂಧ್ರಪ್ರದೇಶದ ನಲ್ಲಮಲ ಬೆಟ್ಟಗಳ ಮೇಲಿದೆ. ಕೆಳಗೆ ಆಳವಾದ ಕಣಿವೆಯಲ್ಲಿ ಹರಿಯುವ ಕೃಷ್ಣೆಗೆ ಅಲ್ಲಿ ಪಾತಾಳಗಂಗೆಯೆಂಬ ಹೆಸರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದ ಅಣೆಕಟ್ಟಿನಿಂದ ಕಣಿವೆಯ ನೀರು ಮೇಲಕ್ಕೇರಿದೆ. ಅಕ್ಕನ ಹೆಸರನ್ನು ಹೊತ್ತ ಗುಹೆಗೆ ಯಾತ್ರಿಕರು ಆ ನೀರಿನ ಮೇಲೆ ದೋಣಿಯಲ್ಲಿ ಹೋಗುತ್ತಾರೆ. ಸುತ್ತಲಿನ ಅಡವಿಯು ಹುಲಿಗಳ ನೆಲೆ. 1983ರಲ್ಲಿ ಅದು ಹುಲಿ ಸಂರಕ್ಷಣಾ ಯೋಜನೆಗೆ ಸೇರಿತು. ಕಾಡಿನ ಜೇನನ್ನೂ ಗೆಡ್ಡೆಗೆಣಸುಗಳನ್ನೂ ಬಲ್ಲ ಚೆಂಚು ಜನರು ಅಲ್ಲಿ ತಲತಲಾಂತರದಿಂದ ವಾಸಿಸುತ್ತಿದ್ದಾರೆ.

ಈ ಅಡವಿಯ ಸ್ವಭಾವವನ್ನು ತಿಳಿದರೆ ಒಂದು ಸಾಮಾನ್ಯವಾದ ಭ್ರಮೆಯು ಹರಿಯುವುದು. ಶರಣರು ಹೊಕ್ಕ ವನವೆಂದರೆ ಸದಾ ತಂಪಾದ, ಹಸುರಾದ, ಹೂಹಣ್ಣುಗಳಿಂದ ತುಂಬಿದ ಉದ್ಯಾನವೆಂದು ಅನೇಕರು ಭಾವಿಸುತ್ತಾರೆ. ನಲ್ಲಮಲವು ಅಂತಹುದಲ್ಲ. ಅದು ಎಲೆಯುದುರಿಸುವ ಒಣಕಾಡು. ಮಳೆಗಾಲದಲ್ಲಿ ಹಸುರಾಗಿ ನಿಂತ ಮರಗಳು ಬೇಸಗೆಯಲ್ಲಿ ಎಲೆಗಳನ್ನೆಲ್ಲ ಕೊಡವಿ ಬರಿಯ ಕೊಂಬೆಗಳಾಗಿ ನಿಲ್ಲುವುವು. ನೆಲ ಕಾಯುವುದು, ಕಲ್ಲು ಸುಡುವುದು. ಯುಗಾದಿಯ ಉತ್ಸವಕ್ಕೆಂದು ಕನ್ನಡ ನಾಡಿನ ಭಕ್ತರು ಪ್ರತಿವರ್ಷವೂ ಈ ಕಾಡಿನ ಹಾದಿಯಲ್ಲಿಯೇ ನಡೆದು ಮಲ್ಲಯ್ಯನ ಸನ್ನಿಧಿಯನ್ನು ಸೇರುವ ವಾಡಿಕೆಯಿದೆ. ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮುನಿಕೊಳನು ಎಂಬ ಎಡೆಗಳನ್ನು ದಾಟಿ ಕೈಲಾಸದ್ವಾರವನ್ನು ಏರುವಾಗ ಅವರಿಗೆ ದೊರೆಯುವುದು ತಂಪಲ್ಲ, ಬಿಸಿಲು. ಸುಖವಲ್ಲ, ಕಾಲಿನ ಬೊಬ್ಬೆ. ಆದರೂ ಆ ಹಾದಿಯಿಂದ ಮರಳಿದವರ ಮುಖದಲ್ಲಿ ಒಂದು ಹೊಸ ಕಳೆ ಕಾಣಿಸುವುದು. ಅದು ಎಲ್ಲಿಂದ ಬಂತು?

ಎಲೆಯುದುರಿಸುವ ಮರ

ಒಬ್ಬ ಗೃಹಸ್ಥನನ್ನು ನೆನೆಯಬಹುದು. ಬೆಳೆದ ಮಗನನ್ನು ಕಳೆದುಕೊಂಡವನು. ಮನೆಯ ಪ್ರತಿಯೊಂದು ವಸ್ತುವೂ ಮಗನನ್ನೇ ನೆನಪಿಗೆ ತರುತ್ತದೆ. ನೆರೆಯವರ ಸಮಾಧಾನದ ಮಾತುಗಳು ಕಿವಿಗೆ ಮುಳ್ಳಾಗುತ್ತವೆ. ಲಿಂಗಪೂಜೆಗೆ ಕುಳಿತರೆ ಕಣ್ಣು ಲಿಂಗದಲ್ಲಿ ನಿಲ್ಲುವುದಿಲ್ಲ. ಊರವರೊಡನೆ ಅವನೂ ಶ್ರೀಶೈಲದ ಹಾದಿಯನ್ನು ಹಿಡಿಯುತ್ತಾನೆ. ಮೊದಲ ದಿನ ಅವನು ಕಾಡನ್ನು ಕಾಣುವುದೇ ಇಲ್ಲ. ಅವನ ದುಃಖವೇ ಅವನ ಜೊತೆಯಲ್ಲಿ ನಡೆಯುತ್ತದೆ. ಎರಡನೆಯ ದಿನ ಬಾಯಾರಿಕೆಯು ದುಃಖವನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ. ಮೂರನೆಯ ದಿನ ಮಧ್ಯಾಹ್ನ ಎಲೆಯೇ ಇಲ್ಲದ ಒಂದು ಮರದ ಕೊಂಬೆಯ ತುಂಬ ಮುತ್ತುಗದ ಕೆಂಪು ಹೂ ಅರಳಿರುವುದು ಅವನ ಕಣ್ಣಿಗೆ ಬೀಳುತ್ತದೆ. ಮಗನು ಹೋದ ಮೇಲೆ ಅವನು ನಿಜವಾಗಿ ನೋಡಿದ ಮೊದಲ ಹೂವು ಅದು.

ಮರವು ಎಲೆಯನ್ನು ಉದುರಿಸುವುದು ಸಾಯುವುದಕ್ಕಲ್ಲ. ಎಲೆಗಳ ಮೂಲಕ ಮರದೊಳಗಣ ನೀರು ಸದಾ ಆವಿಯಾಗಿ ಹೋಗುತ್ತಿರುವುದು. ನೆಲದಲ್ಲಿ ತೇವವು ಬತ್ತಿದಾಗ ಎಲೆಗಳನ್ನು ಉಳಿಸಿಕೊಂಡ ಮರವು ಬೇರಿನವರೆಗೂ ಒಣಗಬೇಕಾದೀತು. ಆದುದರಿಂದ ಅದು ಎಲೆಯ ತೊಟ್ಟಿನ ಬುಡದಲ್ಲಿ ತಾನೇ ಒಂದು ತೆಳುವಾದ ಪದರವನ್ನು ಬೆಳೆಸಿ ಎಲೆಯನ್ನು ಬಿಟ್ಟುಕೊಡುವುದು. ಬಿದ್ದ ಎಲೆಯು ಕೊಳೆತು ಅದೇ ಮರದ ಬೇರಿಗೆ ಆಹಾರವಾಗುವುದು. ಬಿಡುವುದನ್ನು ಬಿಟ್ಟುದರಿಂದಲೇ ಉಳಿಯಬೇಕಾದುದು ಉಳಿಯಿತು; ಮೊದಲ ಮಳೆಗೆ ಚಿಗುರಲು ಎಡೆಯಾಯಿತು. ನಿಸರ್ಗದಲ್ಲಿ ನವೀನತೆಯೆಂಬುದು ಹೊರಗಿನಿಂದ ತಂದು ಸೇರಿಸಿದ ವಸ್ತುವಲ್ಲ; ಅದು ತ್ಯಾಗದ ಫಲ. ಮುತ್ತುಗದ ಮುಂದೆ ನಿಂತ ಗೃಹಸ್ಥನಿಗೆ ಯಾರೂ ಉಪದೇಶ ಮಾಡಲಿಲ್ಲ. ಮರವು ಸಮಾಧಾನದ ಮಾತನ್ನು ಆಡುವುದಿಲ್ಲವಾದುದರಿಂದಲೇ ಅದರ ಪಾಠವು ಅವನ ಎದೆಗೆ ಇಳಿಯಿತು.

ಅಕ್ಕನು ಕಾಡಿನಲ್ಲಿ ಕಂಡುದು

ಅಕ್ಕನ ವಚನಗಳಲ್ಲಿ ನಿಸರ್ಗದೊಡನೆ ಆಕೆಗಿದ್ದ ಸಂಬಂಧವು ಮೂರು ಮೆಟ್ಟಿಲುಗಳಲ್ಲಿ ಬೆಳೆದುದನ್ನು ಕಾಣಬಹುದು. ಮೊದಲನೆಯದು ಪ್ರಶ್ನೆಯ ಮೆಟ್ಟಿಲು. ಗಿಳಿ, ಕೋಗಿಲೆ, ತುಂಬಿ, ಹಂಸ, ನವಿಲುಗಳನ್ನು ಆಕೆ ಒಂದೊಂದಾಗಿ ಕರೆದು ತನ್ನ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಕೇಳುವಳು. ಇಲ್ಲಿ ಪ್ರಾಣಿಪಕ್ಷಿಗಳು ಆಕೆಗೆ ನೆಂಟರಾಗಿವೆ, ದಾರಿ ತೋರುವವಾಗಿವೆ. ಆದರೆ ಬಯಸಿದವನು ಇನ್ನೂ ಬೇರೆಯಾಗಿಯೇ ಇದ್ದಾನೆ. ಎರಡನೆಯದು ದರ್ಶನದ ಮೆಟ್ಟಿಲು. ವನವೂ ಅವನೇ, ವನದ ಮರಗಳೂ ಅವನೇ, ಮರಗಳಲ್ಲಿ ಆಡುವ ಖಗಮೃಗಗಳೂ ಅವನೇ ಎಂಬ ಅರಿವು ಇಲ್ಲಿ ಮೂಡುವುದು. ಆದರೆ ಎಲ್ಲವೂ ಆದವನು ತನಗೆ ಮುಖವನ್ನು ತೋರಿಸನಲ್ಲ ಎಂಬ ಅಳಲೂ ಜೊತೆಯಲ್ಲಿಯೇ ಇದೆ. ಇದು ಬಹಳ ಸೂಕ್ಷ್ಮವಾದ ಅವಸ್ಥೆ. ಸುತ್ತಲೂ ಶಿವನೇ ತುಂಬಿರುವನೆಂದು ಬುದ್ಧಿಯು ಒಪ್ಪಿದರೂ ಹೃದಯವು ಇನ್ನೂ ತಣಿದಿಲ್ಲ. ಅನೇಕ ಸಾಧಕರು ಈ ಎಡೆಯಲ್ಲಿಯೇ ನಿಂತುಬಿಡುವರು.

ಮೂರನೆಯ ಮೆಟ್ಟಿಲಿನಲ್ಲಿ ಕದಳಿಯ ಅರ್ಥವೇ ಬದಲಾಗುವುದು. ಕದಳಿಯೆಂದರೆ ಬಾಳೆಯ ಬನ. ಅಕ್ಕನು ಒಂದು ವಚನದಲ್ಲಿ ತನುವಿಗೂ ಮನಸ್ಸಿಗೂ ವಿಷಯಗಳಿಗೂ ಕದಳಿಯೆಂಬ ಹೆಸರನ್ನೇ ಕೊಟ್ಟು, ಆ ಭವದ ಅಡವಿಯನ್ನು ಗೆದ್ದು ಬಂದ ಸಂತೋಷವನ್ನು ಸಾರಿದ್ದಾಳೆ. ಎಂದರೆ ಹೊರಗಣ ಕದಳಿಯನ್ನು ಹುಡುಕಿ ಹೋದವಳಿಗೆ ಒಳಗಣ ಕದಳಿ ಕಾಣಿಸಿತು. ಬಾಳೆಯ ಗಿಡವನ್ನು ಬಲ್ಲ ತೋಟಿಗನಿಗೆ ಈ ಹೋಲಿಕೆಯ ಸೊಗಸು ಕೂಡಲೇ ಹೊಳೆಯುವುದು. ಬಾಳೆಯ ಕಂಬವು ಕಂಬದಂತೆ ಕಂಡರೂ ಅದು ಪಟ್ಟೆಯ ಮೇಲೆ ಪಟ್ಟೆಯಾಗಿ ಸುತ್ತಿಕೊಂಡುದು. ಸುಲಿಯುತ್ತ ಹೋದರೆ ಗಟ್ಟಿಯಾದ ಮರವೆಂಬುದು ಎಲ್ಲಿಯೂ ಸಿಕ್ಕದು. ನಾನು ನನ್ನದೆಂಬ ಭಾವವೂ ಅಂತಹುದೇ. ಬಾಳೆಯ ಗಿಡ ಒಮ್ಮೆ ಗೊನೆ ಹಾಕಿ ಬೀಳುವುದು. ಆದರೆ ಬೀಳುವ ಮೊದಲೇ ಅದರ ಬುಡದಲ್ಲಿ ಕಂದು ಮೂಡಿರುವುದು. ಬನವು ಅಳಿಯದು.

ಬೆಟ್ಟದಲ್ಲಿ ಮನೆ ಮಾಡಿದವನು

ಇಷ್ಟನ್ನು ಕೇಳಿದ ಮೇಲೆ ಶಾಂತಿ ಬೇಕಾದವರೆಲ್ಲ ಬೆಟ್ಟವನ್ನೇ ಏರಬೇಕೇನೋ ಎಂಬ ಶಂಕೆ ಹುಟ್ಟಬಹುದು. ಆ ಶಂಕೆಗೂ ಅಕ್ಕನೇ ಉತ್ತರವನ್ನು ಕೊಟ್ಟಿದ್ದಾಳೆ. ಬೆಟ್ಟದ ಮೇಲೆ ಮನೆ ಕಟ್ಟಿದವನು ಮೃಗಗಳಿಗೆ ಹೆದರುವುದೂ, ಕಡಲ ತಡಿಯಲ್ಲಿ ಕಟ್ಟಿದವನು ತೆರೆಗಳಿಗೆ ಅಂಜುವುದೂ, ಸಂತೆಯ ನಡುವೆ ಕಟ್ಟಿದವನು ಸದ್ದಿಗೆ ನಾಚುವುದೂ ಸಲ್ಲದೆಂದು ಹೇಳಿ, ಲೋಕದಲ್ಲಿ ಹುಟ್ಟಿದ ಬಳಿಕ ಸ್ತುತಿನಿಂದೆಗಳು ಬಂದರೆ ಕೋಪವನ್ನು ತಾಳದೆ ಸಮಾಧಾನಿಯಾಗಿರಬೇಕೆಂದು ಆಕೆ ಬೋಧಿಸಿದ್ದಾಳೆ. ಬೆಟ್ಟ, ಕಡಲು, ಸಂತೆ ಮೂರನ್ನೂ ಆಕೆ ಒಂದೇ ಸಾಲಿನಲ್ಲಿ ನಿಲ್ಲಿಸಿರುವುದನ್ನು ಗಮನಿಸಬೇಕು. ಬೆಟ್ಟದಲ್ಲಿಯೂ ಭಯವಿದೆ, ಕಡಲಿನಲ್ಲಿಯೂ ಭಯವಿದೆ. ನಿಸರ್ಗವು ಸಾಧಕನನ್ನು ಮುದ್ದಿಸುವ ತೊಟ್ಟಿಲಲ್ಲ. ಅದು ಅವನನ್ನು ತಿದ್ದುವ ಗುರುಕುಲ. ಕಾಡಿನಲ್ಲಿ ಕಲಿತ ಸಮಾಧಾನವು ಸಂತೆಯಲ್ಲಿ ನಿಂತಾಗಲೇ ಅದು ಕಲಿತ ವಿದ್ಯೆಯೆನಿಸುವುದು.

ಸೊನ್ನಲಿಗೆಯ ಸಿದ್ಧರಾಮರ ಕಥೆಯು ಇದೇ ಸತ್ಯದ ಇನ್ನೊಂದು ಮುಖವನ್ನು ತೋರುವುದು. ಸೊನ್ನಲಿಗೆಯೆಂದರೆ ಇಂದಿನ ಮಹಾರಾಷ್ಟ್ರದ ಸೊಲ್ಲಾಪುರ. ಅವರು ಕಟ್ಟಿಸಿದುದೆಂದು ಪ್ರಸಿದ್ಧವಾದ ಕೆರೆಯು ಇಂದಿಗೂ ಅಲ್ಲಿದೆ. ಜನರ ನೀರಡಿಕೆಯನ್ನು ನೀಗಲು ಕೆರೆಯನ್ನು ತೋಡಿಸಿದ ಕರ್ಮಯೋಗಿ ಅವರು. ಆದರೂ ಹೊರಗೆ ತೋಡಿದ ಕೆರೆಯೊಂದೇ ಸಾಲದು, ಒಳಗಣ ಕೆರೆಯೂ ತುಂಬಬೇಕು ಎಂಬ ಅರಿವನ್ನು ಅವರಲ್ಲಿ ಮೂಡಿಸಲು ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದುದನ್ನು ಶೂನ್ಯಸಂಪಾದನೆಯು ವರ್ಣಿಸುವುದು. ಪ್ರಭುಗಳು ಕೆರೆಯನ್ನು ಬೇಡವೆನ್ನಲಿಲ್ಲ. ಕೆರೆ ಕಟ್ಟಿಸಿದೆನೆಂಬ ಅಹಂಭಾವವನ್ನು ಬೇಡವೆಂದರು. ಪ್ರಭುಗಳ ಒಂದು ವಚನದಲ್ಲಿ ದೇಹವೇ ತೋಟ, ಮನಸ್ಸೇ ಗುದ್ದಲಿ. ಭ್ರಾಂತಿಯ ಬೇರನ್ನು ಅಗೆದು, ಸಂಸಾರದ ಹೆಂಟೆಗಳನ್ನು ಒಡೆದು, ಬೀಜವನ್ನು ಬಿತ್ತಿ, ಉಸಿರಿನ ರಾಟೆಯಿಂದ ನೀರನ್ನೆತ್ತಿ, ಇಂದ್ರಿಯಗಳೆಂಬ ಐದು ಎತ್ತುಗಳು ಪೈರನ್ನು ಮೇಯದಂತೆ ಕಾಯುವ ಕೃಷಿಯೇ ಸಾಧನೆ. ತೋಟದ ಕೆಲಸವನ್ನು ಬಲ್ಲವನಿಗೆ ಅಂತರಂಗದ ಕೆಲಸವನ್ನು ಹೇಳಿಕೊಡುವುದು ಎಷ್ಟು ಸುಲಭವೆಂಬುದಕ್ಕೆ ಇದು ನಿದರ್ಶನ.

ಎಡೆಯೂರಿನ ಸಿದ್ಧಲಿಂಗ ಯತಿಗಳಿಗೆ ತೋಂಟದ ಎಂಬ ವಿಶೇಷಣವು ಬಂದುದೂ ಅವರು ಕಗ್ಗೆರೆಯ ತೋಟವೊಂದರಲ್ಲಿ ದೀರ್ಘಕಾಲ ಶಿವಯೋಗದಲ್ಲಿದ್ದುದರಿಂದ ಎಂದು ಸಂಪ್ರದಾಯವು ಹೇಳುವುದು. ಅವರು ಆ ತೋಟದಲ್ಲಿಯೇ ಉಳಿದುಬಿಡಲಿಲ್ಲ. ಷಟ್‌ಸ್ಥಲಜ್ಞಾನಸಾರಾಮೃತದ 701 ವಚನಗಳು ಅವರಿಂದ ಲೋಕಕ್ಕೆ ದೊರೆತವು. ವಿರಕ್ತರ ಒಂದು ದೊಡ್ಡ ಸಮೂಹವೇ ಅವರ ಹಿಂದೆ ನಡೆಯಿತು. ತೋಟವು ಅವರಿಗೆ ತಂಗುದಾಣವಾಯಿತೇ ಹೊರತು ಅಡಗುದಾಣವಾಗಲಿಲ್ಲ.

ಸಾಧನೆಯ ಕ್ರಮ

ಹಾಗಾದರೆ ಕದಳಿಗೂ ಕಗ್ಗೆರೆಗೂ ಹೋಗಲಾರದ ಗೃಹಸ್ಥನು ಏನು ಮಾಡಬೇಕು? ವೀರಶೈವ ಸಿದ್ಧಾಂತದ ಅರ್ಪಿತದ ವಿಚಾರವೇ ಇದಕ್ಕೆ ದಾರಿ. ಪದಾರ್ಥದ ರೂಪವನ್ನು ಇಷ್ಟಲಿಂಗಕ್ಕೆ, ರುಚಿಯನ್ನು ಪ್ರಾಣಲಿಂಗಕ್ಕೆ, ತೃಪ್ತಿಯನ್ನು ಭಾವಲಿಂಗಕ್ಕೆ ಅರ್ಪಿಸಿ, ಹೀಗೆ ಅರ್ಪಿತವಾದುದನ್ನು ಪ್ರಸಾದವಾಗಿ ಸ್ವೀಕರಿಸುವುದು ಶರಣಮಾರ್ಗ. ಇದು ಎಡೆಯಲ್ಲಿ ಬಡಿಸಿದ ಅನ್ನಕ್ಕೆ ಮಾತ್ರ ಸಲ್ಲುವ ನಿಯಮವಲ್ಲ. ಅಂಗಳದ ಬೇವಿನ ಮರವೂ ಪದಾರ್ಥವೇ, ಮುಂಜಾವದ ಗಾಳಿಯೂ ಪದಾರ್ಥವೇ.

ಮೊದಲು ರೂಪ. ಮರದ ಮುಂದೆ ನಿಂತವನು ಆತುರವಿಲ್ಲದೆ ಮರವನ್ನೇ ನೋಡಬೇಕು. ಅದು ತನಗೆ ಏನು ಕೊಟ್ಟೀತು, ಕಡಿದರೆ ಎಷ್ಟು ಬೆಲೆ ಬಂದೀತು ಎಂಬ ಎಣಿಕೆಯನ್ನು ಬಿಡಬೇಕು. ಆಮೇಲೆ ರುಚಿ. ನೋಡುವುದರಿಂದ ಒಳಗೆ ಮೂಡುವ ಸಂತೋಷವನ್ನು ಉಸಿರಿನ ಗತಿಯೊಡನೆ ಸೇರಿಸಬೇಕು. ಉಸಿರು ತಾನಾಗಿ ನಿಧಾನವಾಗುವುದು. ಕೊನೆಗೆ ತೃಪ್ತಿ. ಆ ಸಂತೋಷವೂ ತನ್ನದಲ್ಲ, ಶಿವನದೆಂದು ಭಾವಿಸಿ ಅದನ್ನು ಬಿಟ್ಟುಕೊಡಬೇಕು. ಈ ಮೂರನೆಯದನ್ನು ಮಾಡದವನು ಕೆರೆಯ ಏರಿಯಿಂದ ಬರಿಗೈಯಲ್ಲಿ ಮರಳುವನು. ಏಕೆಂದರೆ ಹಿಡಿದಿಟ್ಟುಕೊಳ್ಳಬಯಸಿದ ಶಾಂತಿಯು ಮುಷ್ಟಿಯಲ್ಲಿ ಹಿಡಿದ ನೀರಿನಂತೆ ಸೋರಿಹೋಗುವುದು.

ನೆಲದಲ್ಲಿ ನಿಧಿಯೂ, ಹಣ್ಣಿನಲ್ಲಿ ಸವಿಯೂ, ಎಳ್ಳಿನಲ್ಲಿ ಎಣ್ಣೆಯೂ, ಕಟ್ಟಿಗೆಯಲ್ಲಿ ಬೆಂಕಿಯೂ ಮರೆಯಾಗಿರುವಂತೆ ಪರವಸ್ತುವು ಭಾವದಲ್ಲಿ ಮರೆಯಾಗಿದೆಯೆಂದು ಅಕ್ಕನು ಹೇಳಿರುವುದು ಇಲ್ಲಿ ಸ್ಮರಣೀಯ. ಷಟ್‌ಸ್ಥಲದ ಅಂಗಗಳನ್ನು ತತ್ತ್ವಗಳೊಡನೆ ಹೊಂದಿಸಿರುವುದೂ ಇದನ್ನೇ ಸೂಚಿಸುವುದು. ಭಕ್ತನಿಗೆ ಪೃಥ್ವಿ, ಮಾಹೇಶ್ವರನಿಗೆ ಜಲ, ಪ್ರಸಾದಿಗೆ ಅಗ್ನಿ, ಪ್ರಾಣಲಿಂಗಿಗೆ ವಾಯು, ಶರಣನಿಗೆ ಆಕಾಶ, ಐಕ್ಯನಿಗೆ ಆತ್ಮ ಎಂಬುದು ಕ್ರಮ. ಮಣ್ಣಿನ ಸಹನೆಯಿಂದ ಹೊರಟು ಆಕಾಶದ ನಿರ್ಲೇಪತೆಯನ್ನು ದಾಟಿ ಆತ್ಮವನ್ನು ಸೇರುವ ಪಯಣವಿದು. ಹೊರಗಿನ ಭೂತಗಳೇ ಒಳಗೂ ಇರುವುದರಿಂದ, ನಿಸರ್ಗದೊಡನೆ ಸಂಬಂಧವನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಮರೆತುದನ್ನು ನೆನೆದರೆ ಸಾಕು.

ಆಧುನಿಕ ವಿಜ್ಞಾನವೂ ಈ ಸಂಬಂಧವನ್ನು ತನ್ನ ರೀತಿಯಲ್ಲಿ ಗುರುತಿಸಿದೆ. ರೋಜರ್ ಉಲ್‌ರಿಚ್ ಎಂಬ ಅಮೆರಿಕದ ವಿದ್ವಾಂಸರು 1984ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳ ದಾಖಲೆಗಳನ್ನು ಅವರು ಪರಿಶೀಲಿಸಿದ್ದರು. ಕಿಟಕಿಯಿಂದ ಮರಗಳು ಕಾಣುವ ಕೋಣೆಯಲ್ಲಿದ್ದ 23 ಮಂದಿಯು, ಇಟ್ಟಿಗೆಯ ಗೋಡೆ ಕಾಣುವ ಕೋಣೆಯಲ್ಲಿದ್ದ 23 ಮಂದಿಗಿಂತ ಬೇಗನೆ ಮನೆಗೆ ಮರಳಿದ್ದರು. ಅವರಿಗೆ ಬೇಕಾದ ತೀಕ್ಷ್ಣ ನೋವುನಿವಾರಕಗಳೂ ಕಡಮೆಯಾಗಿದ್ದವು. ಕಿಟಕಿಯಾಚೆಯ ಮರವು ಮದ್ದನ್ನು ಕೊಡಲಿಲ್ಲ, ಮಾತನ್ನು ಆಡಲಿಲ್ಲ. ಅಲ್ಲಿ ಇದ್ದಿತು, ಅಷ್ಟೆ. ದೇಹದ ಗಾಯಕ್ಕೆ ನೋಟವೊಂದೇ ಇಷ್ಟು ನೆರವಾಗುವುದಾದರೆ, ಅರ್ಪಿತಭಾವದಿಂದ ಕೂಡಿದ ನೋಟವು ಮನಸ್ಸಿನ ಗಾಯಕ್ಕೆ ನೆರವಾಗದೆ ಇದ್ದೀತೇ?

ಪಡೆದವನ ಋಣ

ಇನ್ನೊಂದು ಮಾತು ಅವಶ್ಯವಾಗಿ ಹೇಳಬೇಕಾದುದಿದೆ. ಭೂಮಿಯೂ, ಅದರಲ್ಲಿ ಬೆಳೆವ ಬೆಳೆಯೂ, ಸುಳಿದು ಬೀಸುವ ಗಾಳಿಯೂ ಶಿವನ ಕೊಡುಗೆಯೆಂದು ಜೇಡರ ದಾಸಿಮಯ್ಯನವರು ನೆನೆದಿದ್ದಾರೆ. ಕೊಟ್ಟವನನ್ನು ಮರೆತು ಅನ್ಯರನ್ನು ಹೊಗಳುವವರನ್ನು ಅವರು ಕಟುವಾಗಿ ನಿಂದಿಸಿದ್ದಾರೆ. ದಾನವಾಗಿ ಬಂದುದನ್ನು ಕೆಡಿಸುವುದು ಮರೆವಿಗಿಂತಲೂ ದೊಡ್ಡ ದೋಷವಲ್ಲವೇ? ಶಾಂತಿಗಾಗಿ ಕೆರೆಯ ಏರಿಗೆ ಬಂದವನು ಕೆರೆಯಲ್ಲಿಯೇ ಕಸವನ್ನು ಚೆಲ್ಲಿ ಹೋದರೆ, ತೀರ್ಥಯಾತ್ರೆಗೆಂದು ಕಾಡಿಗೆ ಹೋದವನು ಪ್ಲಾಸ್ಟಿಕ್ ಬಾಟಲಿಗಳನ್ನು ಅಲ್ಲಿಯೇ ಬಿಸುಟು ಬಂದರೆ, ಅವನು ಪಡೆದುದು ಪ್ರಸಾದವಲ್ಲ, ಸುಲಿಗೆ. ಪ್ರಸಾದವನ್ನು ಕೆಡಿಸಿ ಚೆಲ್ಲುವ ಪದ್ಧತಿ ಶರಣರಲ್ಲಿಲ್ಲ. ಕೆರೆಯ ಹೂಳನ್ನೆತ್ತುವುದು, ಒಂದು ಸಸಿಗೆ ನೀರೆರೆಯುವುದು, ಬೇಸಗೆಯಲ್ಲಿ ಹಕ್ಕಿಗಳಿಗೆ ನೀರಿಡುವುದು ಇವೆಲ್ಲ ಕಾಯಕವೇ, ಇವೆಲ್ಲ ದಾಸೋಹವೇ.

ಶ್ರೀಶೈಲದಿಂದ ಮರಳಿದ ಆ ಗೃಹಸ್ಥನ ವಿಚಾರವನ್ನು ಇಲ್ಲಿಗೆ ಮುಗಿಸಬಹುದು. ಮನೆಯು ಮೊದಲಿನಂತೆಯೇ ಇದೆ. ಮಗನ ಪುಸ್ತಕಗಳು ಗೂಡಿನಲ್ಲಿಯೇ ಇವೆ. ದುಃಖವೂ ಇದೆ, ಕಾಡು ಅದನ್ನು ನುಂಗಿಕೊಳ್ಳಲಿಲ್ಲ. ಆದರೆ ಮಗನು ನೆಟ್ಟಿದ್ದ ಹಿತ್ತಿಲ ನಿಂಬೆಯ ಗಿಡವು ಇಷ್ಟು ದಿನ ನೀರಿಲ್ಲದೆ ಬಾಡಿದ್ದುದು ಈಗ ಅವನ ಕಣ್ಣಿಗೆ ಬೀಳುತ್ತದೆ. ಅವನು ಕೊಡವನ್ನು ಎತ್ತಿಕೊಂಡು ಬಾವಿಗೆ ಹೋಗುತ್ತಾನೆ. ಗಿಡದ ಬುಡಕ್ಕೆ ನೀರೆರೆದು, ಸ್ನಾನಮಾಡಿ, ಲಿಂಗಪೂಜೆಗೆ ಕುಳಿತಾಗ ಕಣ್ಣು ಒಂದು ಕ್ಷಣ ಲಿಂಗದಲ್ಲಿ ನಿಲ್ಲುತ್ತದೆ. ಒಂದೇ ಕ್ಷಣ. ಆದರೆ ನಿನ್ನೆ ಅದು ಇರಲಿಲ್ಲ.

ಶಾಂತಿಯು ಕೆರೆಯದೋ ಕುಳಿತವನದೋ ಎಂಬ ಮೊದಲಿನ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆ. ಅದು ಕೆರೆಯದೂ ಅಲ್ಲ, ಅವನದೂ ಅಲ್ಲ. ಎರಡರಲ್ಲಿಯೂ ಅಡಗಿರುವ ಶಿವನದು. ಕೆರೆಯ ಮುಂದೆ ಕುಳಿತಾಗ ಅವನು ಒಂದು ಗಳಿಗೆ ತನ್ನನ್ನು ಮರೆತನು. ಆ ಮರೆವಿನ ಕಿಂಡಿಯಲ್ಲಿ ಅದು ಸುಳಿಯಿತು. ಆ ಕಿಂಡಿಯನ್ನು ಬಾಗಿಲಾಗಿ ಮಾಡಿಕೊಳ್ಳುವುದೇ ಸಾಧನೆ. ನಾಳಿನ ಮುಂಜಾವದಲ್ಲಿ ಪೂಜೆಗೆ ಒಂದು ಹೂವನ್ನು ಬಿಡಿಸುವಾಗ ಸಾಧಕನು ಅರೆಗಳಿಗೆ ನಿಂತು, ಆ ಗಿಡವನ್ನು ಕಣ್ತುಂಬ ನೋಡಿ, ಅದರ ಬುಡಕ್ಕೆ ಒಂದು ತಂಬಿಗೆ ನೀರನ್ನೆರೆಯಲಿ. ಕದಳಿಯ ಹಾದಿಯು ಅವನ ಹಿತ್ತಿಲಿನಿಂದಲೇ ಆರಂಭವಾಗುವುದು.